ಎಂಟು ಹೆಂಗಸರು ಹೊತ್ತ ಸುರುಳಿ

“ಮೊದ್ಲು ಕೂತ್ಕೋ. ನನ್ನ ತಲೆ ಮೇಲೆ ನಿಂತ್ಕೊಂಡು ಮಾತಾಡೋಷ್ಟು ದೊಡ್ಡೋನಾಗ್ಬಿಟ್ಯಾ?”

ಸಾರ್ಜೆಂಟ್ ಲೋಪಿನಿ ಕೂತ. ಟೋಂಗಾ ದೇಶದ ಫಾಂಗಲೋವಾ ದ್ವೀಪದ ಪೊಲೀಸ್ ಠಾಣೆಗೆ ಅವನೇ ಮೇಲಧಿಕಾರಿ, ನಿಜ. ಆದರೆ ಎದುರಿಗಿದ್ದವರು ಅಪ್ಪನ ಅಕ್ಕ, ಸೆಲುವಾಯಾ ಅತ್ತೆ. ಟೋಂಗಾದಲ್ಲಿ ಸೋದರತ್ತೆ ಕೂರು ಎಂದರೆ ಮಂತ್ರಿಯೂ ಕೂರುತ್ತಾನೆ.

ಹಡಗುಕಟ್ಟೆಯ ಸಿಮೆಂಟು ಕಾದ ಕಾವಲಿಯಾಗಿತ್ತು. ಅತ್ತೆಗೆ ಗೋದಾಮಿನ ನೆರಳು, ಕೇದಗೆ ಎಲೆಯ ಚಾಪೆ, ಬೀಸಣಿಗೆ ಹಿಡಿದ ಇಬ್ಬರು ಹೆಂಗಸರು. ಅವನಿಗೆ ಮೂರು ಗಂಟೆಯ ಬಿಸಿಲು. ಸಮವಸ್ತ್ರದ ದಪ್ಪ ಬಟ್ಟೆಯನ್ನೂ ದಾಟಿ ಬಿಸಿ ತೊಡೆಗೆ ಹತ್ತಿತು.

“ಈಗ ಹೇಳು.”

“ಅತ್ತೆ, ಐದನೇ ಸುರುಳಿ ಬಿಚ್ಬೇಕು.”

“ಯಾವ್ದು?”

“ನೀವು ಒರಗಿಕೊಂಡು ಕೂತಿದ್ದೀರಲ್ಲ, ಅದೇ.”

ಅತ್ತೆ ಬೆನ್ನ ಹಿಂದಿನ ನಾರುಮಡಿಯ ಸುರುಳಿಯತ್ತ ತಿರುಗಿ ಕೂಡ ನೋಡಲಿಲ್ಲ. ಮರದ ತೊಗಟೆಯನ್ನು ಬಡಿದು ಬಡಿದು, ಅಂಟು ಹಾಕಿ ಜೋಡಿಸಿ, ಕಂದು ಕಪ್ಪು ಚಿತ್ತಾರ ಬರೆದ ಐವತ್ತು ಮಾರಿನ ಬಟ್ಟೆ. ಅಂಥವು ಐದು ಅತ್ತೆಯ ಜೊತೆ ಸಿಡ್ನಿಗೆ ಹೊರಟಿದ್ದವು. ಶನಿವಾರ ಅಲ್ಲೇ ನೆಲೆಸಿದ್ದ ಇಸಿಲೇಲಿ ಚಿಕ್ಕಪ್ಪನ ಮಣ್ಣು. ನಾಲ್ಕು ಸುರುಳಿ ಆಗಲೇ ಹಡಗಿಗೆ ಏರಿದ್ದವು. ಈ ಐದನೆಯದು ಕಟ್ಟೆಯ ಮೇಲೆ ಉಳಿದಿತ್ತು.

“ನಿನ್ನ ಚಿಕ್ಕಪ್ಪ ಸತ್ತು ಒಂಬತ್ತು ದಿನ ಆಯ್ತು,” ಎಂದರು ಅತ್ತೆ. “ಒಂದಿನ ಬಂದು ಅಡುಗೆ ಮನೇಲಿ ಸೌದೆ ಒಡೆದ್ಯಾ? ಹಾಡೋಕ್ ಕೂತ್ಯಾ? ಇವತ್ತು ಬಂದಿದ್ದೀಯ, ಹೆಣದ ಮೇಲೆ ಹೊದಿಸೋ ಬಟ್ಟೆ ಬಿಚ್ಚು ಅಂತ.”

“ಕೆಲಸ ಇತ್ತು ಅತ್ತೆ.”

“ಕೆಲಸ ಅಂತೆ! ಭಾನುವಾರ ಪ್ರಾರ್ಥನೆಗೂ ಬರ್ಲಿಲ್ಲ ನೀನು. ಪಾದ್ರಿ ನನ್ನ ಮುಖ ನೋಡಿ ಕೇಳಿದ್ರು.”

ಬೀಸಣಿಗೆಯ ಹೆಂಗಸರು ನಕ್ಕರು. ಲೋಪಿನಿ ಗಡಿಯಾರ ನೋಡಿಕೊಂಡ. ಮೂರೂ ಹತ್ತು. ಹಡಗು ನಾಲ್ಕಕ್ಕೆ ಹೊರಡುತ್ತದೆ. ವಾರಕ್ಕೆ ಇದೊಂದೇ ಹಡಗು. ಇದು ತಪ್ಪಿದರೆ ರಾಜಧಾನಿಯಿಂದ ನಾಳೆಯ ಸಿಡ್ನಿ ವಿಮಾನ ತಪ್ಪುತ್ತದೆ, ಮಣ್ಣು ತಪ್ಪುತ್ತದೆ, ಅತ್ತೆಯ ಬಾಯಿಂದ ಅವನು ಸಾಯುವತನಕ ತಪ್ಪಿಸಿಕೊಳ್ಳುವುದಿಲ್ಲ.

ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಹಾಯಿದೋಣಿಯೊಂದು, ಒಳಗೆ ನರಪಿಳ್ಳೆಯೂ ಇಲ್ಲದೆ, ಹವಳದ ದಿಬ್ಬಕ್ಕೆ ಬಂದು ಬಡಿದು ಇಪ್ಪತ್ತು ದಿನವಾಗಿತ್ತು. ಅದರ ಹೊಟ್ಟೆಯಲ್ಲಿ ಸಿಕ್ಕ ಕೊಕೇನಿನ ಕಟ್ಟುಗಳನ್ನೆಲ್ಲ ಠಾಣೆಯ ಹಿಂದಿನ ಗುಂಡಿಯಲ್ಲಿ ಲೋಪಿನಿಯೇ ನಿಂತು ಸುಟ್ಟಿದ್ದ. ಸುಟ್ಟ ಮೇಲೂ ಊರಲ್ಲಿ ಪುಡಿ ಓಡಾಡುತ್ತಿತ್ತು. ಸುಟ್ಟ ಐದನೇ ದಿನ, ದ್ವೀಪದಲ್ಲೇ ಹೆಸರಾಂತ ಮುಳುಗುಗಾರ ಹೇನೆಲಿ, ಮೂವತ್ತನಾಲ್ಕು ವರ್ಷದ ಗಟ್ಟಿ ಆಳು, ದೋಣಿಯಲ್ಲೇ ಎದೆ ಹಿಡಿದುಕೊಂಡು ಸತ್ತ. ಮೂಗಿನ ತುಂಬ ಬಿಳಿ ಪುಡಿ.

ಆ ಪುಡಿ ಎಲ್ಲಿಂದ ಬಂತು ಎಂದು ಕೇಳಿದರೆ ಊರಿಗೆ ಊರೇ ಆಕಾಶ ನೋಡುತ್ತಿತ್ತು. ಸಾಕ್ಷಿ ಹೇಳಬೇಕಾದವನು ಆರೋಪಿಯ ಭಾವ, ಆರೋಪಿ ಪಾದ್ರಿಯ ಮಗ, ಪಾದ್ರಿ ಪೇದೆಯ ದೊಡ್ಡಪ್ಪ. ಸಾಲದ್ದಕ್ಕೆ, ಹಾಯಿದೋಣಿ ಸಿಕ್ಕ ವಾರದಲ್ಲೇ ಆಸ್ಟ್ರೇಲಿಯಾದಿಂದ ಬ್ರಿಜೆಟ್ ಎಂಬ ಪೊಲೀಸ್ ಅಧಿಕಾರಿ ಬಂದು ಕೂತು ದಿನಕ್ಕೊಂದು ವರದಿ ಬರೆಯುತ್ತಿದ್ದಳು. ವರದಿಯಲ್ಲಿ ಟೋಂಗಾಕ್ಕೆ ಅವಳಿಟ್ಟ ಹೆಸರು ‘ಹಾದುಹೋಗುವ ದೇಶ’. ಬೆಳೆಯುವವರು ಇನ್ಯಾರೋ, ಮೂಗಿಗೇರಿಸುವವರು ಇನ್ಯಾರೋ, ಕೆಟ್ಟ ಹೆಸರು ಮಾತ್ರ ಫಾಂಗಲೋವಾಕ್ಕೆ.

ಇಂದು ಮಧ್ಯಾಹ್ನ ಎರಡಕ್ಕೆ ಹೇನೆಲಿಯ ಹೆಂಡತಿ ಲೂಪೆ ಠಾಣೆಯ ಹಿಂಬಾಗಿಲಿಗೆ ಬಂದು ನಿಂತಿದ್ದಳು. ಒಳಗೆ ಬರಲಿಲ್ಲ.

“ಸಾರ್ಜೆಂಟ್, ಒಂದು ಸುರುಳಿ ಹೊರೋಕೆ ಎಷ್ಟು ಜನ ಬೇಕು?”

“ಐದು ಜನ. ಯಾಕೆ?”

“ನಾಲ್ಕು ಸುರುಳಿ ಐದೈದು ಜನ ಹೊತ್ವಿ. ಐದನೇದಕ್ಕೆ ಐದು ಜನ ಕೈ ಹಾಕಿದ್ರೆ ಅಲ್ಲಾಡ್ಲಿಲ್ಲ. ಎಂಟು ಜನ ಹೊತ್ವಿ. ನನ್ನ ಭುಜ ನೋಡಿ.” ಭುಜದ ಮೇಲೆ ಕೆಂಪು ಬರೆ ಎದ್ದಿತ್ತು. “ಮಿಕ್ಕಿದ್ದಕ್ಕೆಲ್ಲ ನಾವೇ ನಾರಿನ ಹಗ್ಗ ಕಟ್ಟಿದ್ದು. ಅದಕ್ಕೆ ನೀಲಿ ನೈಲಾನ್ ಹಗ್ಗ. ಗಂಟು ಹೆಂಗಸರದಲ್ಲ, ದೋಣಿಯೋರದು.”

ಅಷ್ಟು ಹೇಳಿ ಹೋಗಿಬಿಟ್ಟಳು.

ಲೋಪಿನಿ ಕೂಡಲೇ ರಾಜಧಾನಿಗೆ ಫೋನು ಮಾಡಿದ. ಮೂಸುವ ನಾಯಿಯನ್ನು ನಾಳೆ ಹಡಗುಕಟ್ಟೆಗೆ ತರಿಸಿ ಎಂದ. ನಾಯಿಗೆ ಕಿವಿ ನೋವು, ಪಶುವೈದ್ಯರು ಮದುವೆಗೆ ಹೋಗಿದ್ದಾರೆ ಎಂದರು. ಹಾಗಾದರೆ ವಿಮಾನ ನಿಲ್ದಾಣದ ಎಕ್ಸ್‌ರೇ ಯಂತ್ರದಲ್ಲಿ ಹಾಕಿ ನೋಡಿ ಎಂದ. ಸುರುಳಿ ಆ ಯಂತ್ರದ ಬಾಯಿಗೆ ಹಿಡಿಸುವುದಿಲ್ಲ ಎಂದರು. ಮಡಚಿ ಹಾಕಿ ಎಂದ. ಮಡಚಬೇಕಾದರೆ ಬಿಚ್ಚಬೇಕು, ಸಾವಿನ ನಾರುಮಡಿ ಬಿಚ್ಚಬೇಕಾದರೆ ಫಹು ಒಪ್ಪಬೇಕು, ಫಹು ಯಾರು ಎಂದು ಕೇಳಿದರು.

ಫಹು, ಅಂದರೆ ಸಾವಿನ ಮನೆಯಲ್ಲಿ ಹೆಣದ ತಲೆಯ ಬಳಿ ಕೂರುವ ಹಿರಿಯಳು. ಬಂದ ಕಾಣಿಕೆಯೆಲ್ಲ ಅವಳ ಕಾಲ ಬುಡಕ್ಕೆ ಬರಬೇಕು. ಯಾವುದು ಯಾರಿಗೆ ಎಂದು ಅವಳೇ ಹೇಳಬೇಕು.

ಲೋಪಿನಿ ಫೋನು ಹಿಡಿದುಕೊಂಡೇ ಕುರ್ಚಿಗೆ ಒರಗಿದ. ಬಚ್ಚಿಟ್ಟವನು ಸಿಡ್ನಿಗೆ ಹೋಗುವ ಅಗತ್ಯವೇ ಇಲ್ಲ! ಸುರುಳಿ ತಾನಾಗಿ, ಹಾಡು ಹೇಳಿಸಿಕೊಂಡು, ಪ್ರಾರ್ಥನೆ ಮಾಡಿಸಿಕೊಂಡು, ನಾಲ್ಕು ಜನರ ಕೈಯಿಂದ ಕೈಗೆ ದಾಟಿ ಸಿಡ್ನಿಯಲ್ಲಿ ಫಹುವಿನ ಕಾಲ ಬುಡ ಸೇರುತ್ತದೆ. ದಾರಿಯಲ್ಲಿ ಯಾವ ಪೊಲೀಸನೂ ಮುಟ್ಟುವುದಿಲ್ಲ.

“ಫಹು ಯಾರು ಸಾರ್ಜೆಂಟ್?” ಎಂದಿತ್ತು ಫೋನು ಮತ್ತೆ.

“ನಮ್ಮತ್ತೆ,” ಎಂದು ಹೇಳಿ ಫೋನು ಇಟ್ಟಿದ್ದ.

ಈಗ ಅದೇ ಅತ್ತೆ ಎದುರಿಗಿದ್ದರು.

“ನೈಲಾನ್ ಹಗ್ಗ ಯಾರು ಕಟ್ಟಿದ್ದು ಅತ್ತೆ?”

“ನಾರು ಸಾಲ್ಲಿಲ್ಲ.”

“ಗಂಟು?”

“ಗಂಟಿಗೂ ಈಗ ಪೊಲೀಸ್ ಪರ್ಮಿಷನ್ ಬೇಕೇನೋ?”

“ಎಂಟು ಜನ ಹೊತ್ರಂತೆ.”

“ಈಗಿನ ಹುಡುಗೀರು. ಫೋನ್ ಹಿಡಿದು ಹಿಡಿದು ತೋಳಲ್ಲಿ ಬಲ ಇಲ್ಲ.”

ಲೋಪಿನಿ ಕಣ್ಣು ಮುಚ್ಚಿ ಹತ್ತರವರೆಗೆ ಎಣಿಸತೊಡಗಿದ. ಎಂಟಕ್ಕೆ ಬಂದಾಗ ಪಕ್ಕದಲ್ಲಿ ಕಚಕಚ ಸದ್ದು. ಪೇದೆ ಫೆಲೇತಿ ಕಲ್ಲಂಗಡಿ ತಿನ್ನುತ್ತ ನಿಂತಿದ್ದ.

“ನಿನಗೆ ಹಡಗಿನ ಏಣಿ ಹತ್ರ ನಿಂತ್ಕೋ ಅಂದಿದ್ದೆ.”

“ನಿಂತಿದ್ದೆ ಸಾರ್. ಕ್ಯಾಪ್ಟನ್ ಹಣ್ಣು ಕೊಟ್ರು. ಕ್ಯಾಪ್ಟನ್ ನಮ್ಮಮ್ಮನ ಕಡೆ—”

“ಗೊತ್ತು. ಹೋಗು. ನಾನು ಹೇಳೋತನಕ ಹಡಗು ಬಿಡ್ಬಾರ್ದು.”

ಫೆಲೇತಿ ಅತ್ತೆಗೆ ತಲೆ ಬಾಗಿಸಿ, ಒಂದು ಹೋಳು ಹಣ್ಣು ಅವರ ಮುಂದಿಟ್ಟು ಹೋದ. ಅತ್ತೆ ಹಣ್ಣನ್ನು ಲೋಪಿನಿಯತ್ತ ತಳ್ಳಿದರು. “ತಿನ್ನು. ಮುಖ ಒಣಗಿಹೋಗಿದೆ. ಹೆಂಡ್ತಿ ಬಿಟ್ಟುಹೋದ್ಮೇಲೆ ಸರಿಯಾಗಿ ಊಟಾನೇ ಮಾಡ್ತಿಲ್ಲ ನೀನು.”

“ಅತ್ತೇ!” ಅವನು ಹಣ್ಣನ್ನು ಪಕ್ಕಕ್ಕೆ ಸರಿಸಿದ. “ನಾನು ಕೇಳ್ತಿರೋದೇನು, ನೀವು ಹೇಳ್ತಿರೋದೇನು? ಹೇನೆಲಿ ಸತ್ತಿದ್ದಾನೆ. ಶಾಲೆ ಮೇಷ್ಟ್ರ ಮಗಳು ಆಸ್ಪತ್ರೇಲಿದ್ದಾಳೆ. ಇದೇ ಸುರುಳಿಯೊಳಗೆ ಆ ಪುಡಿ ಇದೆ ಅಂತ ನನಗೆ ಅನುಮಾನ. ನಿಮಗೂ ಇದೆ. ಇಲ್ಲದಿದ್ರೆ ಈ ಬಿಸಿಲಲ್ಲಿ ಅದಕ್ಕೆ ಬೆನ್ನು ಕೊಟ್ಟು ಕಾವಲು ಕೂರ್ತಿರ್ಲಿಲ್ಲ.”

ಬೀಸಣಿಗೆಗಳು ನಿಂತವು. ಅತ್ತೆ ಕೈ ಬೀಸಿ ಇಬ್ಬರೂ ಹೆಂಗಸರನ್ನು ಆಚೆ ಕಳಿಸಿದರು. ಆಮೇಲೆ ದನಿ ತಗ್ಗಿಸಿದರು.

“ಇದ್ರೆ ಏನೀಗ?”

“ಏನೀಗ?”

“ಹೋಗ್ಲಿ ಬಿಡೋ ಅತ್ಲಾಗೆ. ನಾವೇನು ಅದನ್ನ ಬೆಳೆದ್ವಾ? ನಮಗೆ ಬೇಕು ಅಂತ ತರಿಸಿಕೊಂಡ್ವಾ? ಸಮುದ್ರ ತಂದು ಎಸೀತು. ಸಿಡ್ನಿಯೋರಿಗೆ ಬೇಕಂತೆ, ಸಿಡ್ನಿಗೇ ಹೋಗ್ಲಿ. ಇಲ್ಲಿದ್ದಷ್ಟು ದಿನ ನಮ್ಮ ಮಕ್ಕಳ ಮೂಗಿಗೆ. ನೀನು ಹಿಡಿದು ಮತ್ತೆ ಠಾಣೇಲಿ ಇಡ್ತೀಯ. ಮತ್ತೆ ಸುಡ್ತೀಯ. ಸುಟ್ಟಮೇಲೂ ಊರಲ್ಲಿರುತ್ತೆ. ಹೋದ ಸಲ ಸುಟ್ಟು ಏನು ಕಿಸಿದೆ?”

ಹೇನೆಲಿ ಸತ್ತ ದಿನದಿಂದ ಲೋಪಿನಿ ತನ್ನನ್ನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಅದು.

“ಸಿಡ್ನೀಲೂ ನಮ್ಮ ಮಕ್ಕಳಿದ್ದಾರೆ ಅತ್ತೆ,” ಎಂದ ಕೊನೆಗೆ. “ಚಿಕ್ಕಪ್ಪನ ಮೊಮ್ಮಕ್ಕಳೇ ಆರು ಜನ.”

ಅತ್ತೆ ಸೊಂಟಕ್ಕೆ ಸುತ್ತಿದ್ದ ಸೂತಕದ ದೊಡ್ಡ ಹರಕು ಚಾಪೆಯ ಅಂಚನ್ನು ಬೆರಳಿಂದ ಸವರುತ್ತ ಕೂತರು. ತಮ್ಮನಿಗಾಗಿ ಉಟ್ಟದ್ದು. ಅದು ಎದೆಯವರೆಗೂ ಬಂದಿತ್ತು.

ಆಗ ಬ್ರಿಜೆಟ್ ಬಂದಳು.

ಯಾರು ಹೇಳಿದರೋ! ಫೆಲೇತಿಯೇ ಇರಬೇಕು. ಅಗಲ ಟೋಪಿ, ಹೆಗಲಿಗೆ ಚೀಲ, ಕೈಯಲ್ಲಿ ನೀರಿನ ಬಾಟಲಿ. ಜೀಪಿನಿಂದ ಇಳಿದವಳು ನೇರ ಅವರ ಬಳಿಗೇ ನಡೆದಳು.

“ಸಾರ್ಜೆಂಟ್, ಒಂದು ನಿಮಿಷ.” ಅವಳು ಅವನನ್ನು ಪಕ್ಕಕ್ಕೆ ಕರೆದಳು. “ಬಿಚ್ಚಬೇಡಿ. ಹೋಗೋಕೆ ಬಿಡಿ. ನಾನು ಸಿಡ್ನಿಗೆ ಹೇಳ್ತೀನಿ. ಅಲ್ಲಿ ಯಾರು ತಗೊಳ್ಳೋಕೆ ಬರ್ತಾರೋ ಅವರನ್ನ ಹಿಡೀತಾರೆ. ಇಲ್ಲಿ ಹಿಡಿದು ಏನು ಪ್ರಯೋಜನ? ನಿಮ್ಮ ಹತ್ರ ಇಡೋಕೆ ಸರಿಯಾದ ಕೋಣೆ ಕೂಡ ಇಲ್ಲ.”

“ಅಲ್ಲಿ ತಗೊಳ್ಳೋಕೆ ಬರೋದು ನಮ್ಮತ್ತೆ,” ಎಂದ ಲೋಪಿನಿ. “ಅವರನ್ನ ನೀವು ಹಿಡೀತೀರಿ. ಕಳಿಸಿದೋನು ಇಲ್ಲಿ ಆರಾಮಾಗಿ ಕಾವಾ ಕುಡ್ಕೊಂಡಿರ್ತಾನೆ.”

“ಅದು ಆಮೇಲಿನ ವಿಷಯ.”

“ನಿಮಗೆ ಆಮೇಲಿನದು. ನನಗೆ ಅದೇ ವಿಷಯ.”

ಬ್ರಿಜೆಟ್ ತಾಳ್ಮೆಯ ನಗೆ ನಕ್ಕಳು. ಆ ನಗೆ ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಅವಳು ಅವನನ್ನು ಬಿಟ್ಟು ಅತ್ತೆಯ ಕಡೆ ಹೊರಟಳು. ಬೂಟುಗಾಲಲ್ಲೇ ಚಾಪೆ ಹತ್ತಿದಳು. ಬಗ್ಗಿ, ಮಗುವಿಗೆ ಸಮಾಧಾನ ಹೇಳುವ ಹಾಗೆ ಅತ್ತೆಯ ತಲೆಯ ಮೇಲೆ ಕೈಯಿಟ್ಟಳು.

“ಅಜ್ಜೀ, ನೀವು ಹೆದರಬೇಡಿ. ನಿಮ್ಮ ಬಟ್ಟೆ ಯಾರೂ ಮುಟ್ಟೋದಿಲ್ಲ. ಹಡಗು ಹತ್ತಿ.”

ಕಟ್ಟೆಯ ಮೇಲಿನ ಹೆಂಗಸರೆಲ್ಲ ಉಸಿರು ಬಿಗಿಹಿಡಿದರು. ಸೆಲುವಾಯಾ ಅತ್ತೆಯ ತಲೆ ಮುಟ್ಟುವ ಧೈರ್ಯ ಅವರ ಗಂಡನಿಗೂ ಇರಲಿಲ್ಲ.

ಅತ್ತೆ ಆ ಕೈಯನ್ನು ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕಿಟ್ಟರು.

“ಲೋಪಿನಿ.”

“ಅತ್ತೆ.”

“ನನ್ನ ಬಟ್ಟೆ ಮುಟ್ಟೋದು ಬಿಡೋದು ಈ ಹೆಂಗಸು ಹೇಳ್ಬೇಕೇನೋ?”

“ಇಲ್ಲ ಅತ್ತೆ.”

“ಹೆದರ್ತೀನಂತೆ ನಾನು! ಲೂಪೇ, ಬಾರೇ ಇಲ್ಲಿ. ಎಲ್ರೂ ಬನ್ನಿ. ಬಿಚ್ಚಿ ಇದನ್ನ. ಮೊದಲು ಇವಳನ್ನ ನನ್ನ ಚಾಪೆಯಿಂದ ಇಳಿಸಿ.”

ಅರ್ಧ ಗಂಟೆ ಬಿಸಿಲಲ್ಲಿ ಕೂತು ಬೇಡಿಕೊಂಡರೂ ಆಗದ್ದು ಒಂದು ಬೂಟುಗಾಲಿನಿಂದ ಆಯಿತು. ಲೋಪಿನಿಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ನೀಲಿ ಹಗ್ಗ ಕತ್ತರಿಸಿದರು. ಹೆಂಗಸರು ಎರಡೂ ಅಂಚು ಹಿಡಿದು ಹಿಂದೆ ಹಿಂದೆ ನಡೆದರು. ಕಟ್ಟೆಯ ಉದ್ದಕ್ಕೂ ನಾರುಮಡಿ ಹಾಸಿಕೊಳ್ಳುತ್ತ ಹೋಯಿತು. ಅದನ್ನು ದಾಟುವಂತಿಲ್ಲ, ತುಳಿಯುವಂತಿಲ್ಲ. ಬ್ರಿಜೆಟ್ ಆಚೆ ಬದಿಗೆ ಸಿಕ್ಕಿಬಿದ್ದಳು. ಸುತ್ತಿ ಬರಬೇಕಾದರೆ ಗೋದಾಮು ಬಳಸಿಕೊಂಡು ಬರಬೇಕು. ಲೋಪಿನಿ ಅತ್ತೆಯ ಪಕ್ಕ ಮೊಣಕಾಲೂರಿದ.

ಕೊನೆಯ ಸುತ್ತು ಬಿಚ್ಚುವ ಮೊದಲೇ ಒಳಗಿನ ಗೋಣಿ ಕಾಣಿಸಿತು. ಉದ್ದಕ್ಕೆ ಹೊಲಿದ ಗೋಣಿ, ದಪ್ಪ, ತೊಡೆಯಷ್ಟು.

ಅವನು ಕೈ ಚಾಚಿದ. ಅತ್ತೆ ಅವನ ಕೈಗೆ ಒಂದೇಟು ಹಾಕಿದರು. “ನಾನು.”

ಹೊಲಿಗೆಯ ತುದಿ ಕಿತ್ತು ಒಳಗೆ ಕೈ ತೂರಿಸಿ ಒಂದು ಕಟ್ಟು ಎಳೆದರು. ಇಟ್ಟಿಗೆಯಷ್ಟು ದೊಡ್ಡದು, ಹಳದಿ ಪ್ಲಾಸ್ಟಿಕ್ಕು ಸುತ್ತಿದ್ದು. ಅದರ ಮೇಲೆ ಬಿಳಿ ಪಟ್ಟಿ. ಪಟ್ಟಿಯ ಮೇಲೆ ಕಪ್ಪು ಮಸಿಯಲ್ಲಿ ತಾರೀಖು, ಒಂದು ಸಂಖ್ಯೆ, ಕೆಳಗೆ ಸಹಿ.

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಅವನ ಮುಖ ನೋಡಿದರು.

“ಇದು ನಿನ್ನ ಅಕ್ಷರ ಅಲ್ವೇನೋ?”

ಲೋಪಿನಿ ಪಟ್ಟಿಯತ್ತ ಬಗ್ಗಿದ. ಅವನದೇ ಅಕ್ಷರ. ಹಾಯಿದೋಣಿಯಿಂದ ಕಟ್ಟುಗಳನ್ನು ಇಳಿಸಿದ ದಿನ ಒಂದೊಂದಕ್ಕೂ ಪಟ್ಟಿ ಅಂಟಿಸಿ ಸಹಿ ಹಾಕಿದ್ದ. ಪೆನ್ನು ಮಧ್ಯೆ ಕೈಕೊಟ್ಟು ಫೆಲೇತಿಗೆ ಬೈದದ್ದೂ ನೆನಪಿತ್ತು. ಈ ಕಟ್ಟು ಬೂದಿಯಾಗಿ ಹನ್ನೆರಡು ದಿನವಾಗಬೇಕಿತ್ತು.

ಹಾಗಾದರೆ ಅಂದು ಗುಂಡಿಯಲ್ಲಿ ಉರಿದದ್ದೇನು? ಹಿಟ್ಟೇ? ಸುಣ್ಣವೇ? ಬೆಂಕಿ ಇಡುವ ಮುಂಚೆ ಕಟ್ಟುಗಳನ್ನು ಎಣಿಸಿದ್ದ. ಒಂದನ್ನೂ ಬಿಚ್ಚಿ ನೋಡಿರಲಿಲ್ಲ. ಬಿಚ್ಚಿದರೆ ಪುಡಿ ಹಾರುತ್ತದೆ, ಉಸಿರಿಗೆ ಹೋಗುತ್ತದೆ ಎಂದಿದ್ದರು. ಅವನೂ ಹೂಂ ಎಂದಿದ್ದ.

ಕದ್ದವನಿಗೆ ಪಟ್ಟಿ ಕಿತ್ತೆಸೆಯಲು ಎರಡು ಕ್ಷಣ ಸಾಕು. ಕಿತ್ತಿರಲಿಲ್ಲ. ಮರೆತದ್ದಂತೂ ಅಲ್ಲ. ಎಲ್ಲಿ ಸಿಕ್ಕರೂ ಲೋಪಿನಿಯ ಹೆಸರು ಹೇಳಲಿ ಎಂದೇ ಬಿಟ್ಟಿದ್ದರು.

“ಅತ್ತೆ, ನಾನಲ್ಲ.”

“ನೀನು ಅಂತ ನಾನಂದ್ನಾ?”

ಅವರ ಕೈ ಸರಕ್ಕನೆ ಚಲಿಸಿತು. ಕಟ್ಟು ಸೊಂಟದ ಹರಕು ಚಾಪೆಯ ಮಡಿಕೆಯೊಳಗೆ ಮಾಯವಾಯಿತು. ಆ ಚಾಪೆಗೆ ಕೈಹಾಕುವ ಗಂಡಸು ಟೋಂಗಾದಲ್ಲಿ ಹುಟ್ಟಿರಲಿಲ್ಲ. ಹೆಂಗಸರೂ ಹಾಕುತ್ತಿರಲಿಲ್ಲ.

“ಕೇಳು,” ಎಂದರು ಮೆಲ್ಲಗೆ, ತುಟಿ ಅಲುಗದಂತೆ. “ಮತ್ತೆ ಸುತ್ತಿಸಿಬಿಡ್ತೀನಿ. ಒಳಗೆ ಗೋಣಿ ಬಿಟ್ರೆ ಏನೂ ಇಲ್ಲ, ಬಟ್ಟೆ ಮಡಿಕೆ ಬೀಳ್ದೆ ಇರ್ಲಿ ಅಂತ ಇಟ್ಟಿದ್ದು ಅಂತೀನಿ. ನಾನು ಹೇಳಿದ್ಮೇಲೆ ಇಲ್ಲ ಅನ್ನೋರು ಯಾರಿದ್ದಾರೆ? ನಡುಸಮುದ್ರದಲ್ಲಿ ಎಲ್ಲಾ ನೀರಿಗೆ ಹಾಕ್ತೀನಿ. ನಿನ್ನ ನೌಕರಿ ಉಳಿಯುತ್ತೆ. ಇಲ್ಲದಿದ್ರೆ ಇಪ್ಪತ್ತು ವರ್ಷ ಒಳಗೆ ಕೂರ್ತೀಯ. ಹೂಂ ಅನ್ನು.”

ಇದೇ ಅತ್ತೆ ಅವನಿಗೆ ಹೆಸರಿಟ್ಟವರು. ಹೂಂ ಎಂದರೆ ಮುಗಿಯಿತು. ನಾಲಿಗೆಯ ತುದಿಗೂ ಬಂದಿತ್ತು.

ತಲೆಯೆತ್ತಿದಾಗ ನಾರುಮಡಿಯ ಆಚೆ ತುದಿಯಲ್ಲಿ ಲೂಪೆ ಕಂಡಳು. ಎರಡೂ ಕೈಯಲ್ಲಿ ಬಟ್ಟೆಯ ಅಂಚು ಹಿಡಿದು ಅವನನ್ನೇ ನೋಡುತ್ತಿದ್ದಳು. ಅವಳಿಗೆ ಇಲ್ಲಿಯ ಮಾತು ಕೇಳುವಂತಿರಲಿಲ್ಲ. ಆದರೂ ನೋಡುತ್ತಿದ್ದಳು.

ಇವನೇ ಸಹಿ ಹಾಕಿದ ಕಟ್ಟಿನ ಪುಡಿ ಮೂಗಿಗೇರಿಸಿ ಅವಳ ಗಂಡ ಸತ್ತಿದ್ದ.

“ಇಲ್ಲ ಅತ್ತೆ,” ಎಂದ. “ಕೊಡಿ ಅದನ್ನ.”

“ಹುಚ್ಚನ ಥರ ಆಡ್ಬೇಡ.”

“ಕೊಡಿ. ನೀವು ಕೊಡದಿದ್ರೆ ನಾನು ತಗೊಳ್ಳೋ ಹಾಗಿಲ್ಲ. ನಿಮಗೂ ಗೊತ್ತು. ಅದಕ್ಕೇ ಕೇಳ್ತಿದ್ದೀನಿ.”

ಅತ್ತೆ ಹಲ್ಲು ಕಚ್ಚಿಕೊಂಡು ಏನೋ ಬೈದರು. ಮಡಿಕೆಯಿಂದ ಕಟ್ಟು ತೆಗೆದು ಅವನ ಅಂಗೈಗೆ ಕುಕ್ಕಿದರು. “ನಿಮ್ಮಪ್ಪನ ಹಾಗೇ ಕತ್ತೆ ನೀನು!”

ಅಷ್ಟರಲ್ಲಿ ಬ್ರಿಜೆಟ್ ಗೋದಾಮು ಸುತ್ತಿ ಏದುಸಿರು ಬಿಡುತ್ತ ಬಂದಿದ್ದಳು. ಲೋಪಿನಿ ಎದ್ದು ನಿಂತು ಕಟ್ಟನ್ನು ಅವಳ ಮುಂದೆ ಹಿಡಿದ.

“ಬರ್ಕೊಳ್ಳಿ ಮೇಡಂ. ಇದರ ಮೇಲೆ ನನ್ನ ಸಹಿ ಇದೆ. ಅವತ್ತು ಸುಟ್ಟ ಮಾಲೇ ಇದು. ಅಂದ್ರೆ ಸುಟ್ಟಿಲ್ಲ. ನನ್ನ ಮೇಲೇ ತನಿಖೆ ಆಗ್ಬೇಕು. ನಾನು ಈ ಕೇಸಲ್ಲಿ ಇನ್ಮೇಲೆ ಇರೋ ಹಾಗಿಲ್ಲ.”

ಬ್ರಿಜೆಟ್ ಚೀಲದಿಂದ ಗ್ಲೌಸು ತೆಗೆದು ನಿಧಾನವಾಗಿ ತೊಟ್ಟಳು. ಕಟ್ಟು ತೆಗೆದುಕೊಂಡು ಪಟ್ಟಿ ಓದಿದಳು. ಮುಖದಲ್ಲಿ ಏನೂ ಬದಲಾಗಲಿಲ್ಲ. “ಒಳ್ಳೆ ಕೆಲಸ ಮಾಡಿದ್ರಿ ಸಾರ್ಜೆಂಟ್,” ಎಂದು ಅದನ್ನು ಚೀಲಕ್ಕಿಳಿಸಿದಳು. “ಉಳಿದದ್ದನ್ನೂ ನಾನೇ ನೋಡ್ಕೊಳ್ತೀನಿ.” ಗೋಣಿಯನ್ನು ಜೀಪಿಗೆ ಹಾಕಿ ಎಂದು ಕಟ್ಟೆಯ ಕೂಲಿಗಳಿಗೆ ಕೈ ಮಾಡಿದಳು.

ಎದೆಯ ಮೇಲಿನ ಭಾರ ಇಳಿಯಬೇಕಿತ್ತು. ಇಳಿಯಲಿಲ್ಲ. ಲೋಪಿನಿ ಮತ್ತೆ ಅತ್ತೆಯ ಮುಂದೆ ಕೂತ. ಈ ಸಲ ಯಾರೂ ಹೇಳದೆಯೇ ಕೂತ.

“ಈ ಸುರುಳಿ ನಿಮಗೆ ತಂದುಕೊಟ್ಟಿದ್ದು ಯಾರು?”

“ಕೇಳ್ಬೇಡ.”

“ಅತ್ತೆ.”

“ಬಿಚ್ಚೋಕೆ ಮುಂಚೆ ಕೇಳ್ಬೇಕಿತ್ತು. ಆಗ ಕೇಳಿದ್ರೆ ಬೈದು ಕಳಿಸ್ತಿದ್ದ್ನೇನೋ.” ಅತ್ತೆಯ ದನಿ ಮೊದಲ ಸಲ ಕುಗ್ಗಿತ್ತು. “ತಮ್ಮ ತಂದುಕೊಟ್ಟದ್ದನ್ನ ಅಕ್ಕ ಒಳಗೇನಿದೆ ಅಂತ ಕೇಳೋದುಂಟೇನೋ? ನಿನ್ನಪ್ಪ ತಂದ. ಮೊನ್ನೆ. ಹಗ್ಗಾನೂ ಅವನೇ ಕಟ್ಟಿದ. ಅಕ್ಕಾ, ಇದನ್ನ ನೀನು ಬಿಟ್ಟು ಬೇರೆ ಯಾರೂ ಬಿಚ್ಚಬಾರದು ಅಂದ. ಅಷ್ಟೇ ಅಂದದ್ದು.”

ಅಪ್ಪ. ಕಿತಿಯೋನೆ. ಒಂಬತ್ತು ದಿನದಿಂದ ತಮ್ಮನಿಗಾಗಿ ತಲೆ ಬೋಳಿಸಿಕೊಂಡು, ಹೊಗೆ ತುಂಬಿದ ಅಡುಗೆ ಗುಂಡಿಯ ಬಳಿ ಕೂತು ಊರಿಗೆಲ್ಲ ಗೆಣಸು ಬೇಯಿಸುತ್ತಿದ್ದ ಮುದುಕ.

“ಎಲ್ಲಿದ್ದಾರೆ?”

ಅತ್ತೆ ಗದ್ದ ಎತ್ತಿ ಹಡಗಿನ ಕಡೆ ತೋರಿಸಿದರು.

ಅದೇ ಹೊತ್ತಿಗೆ ಹಡಗು ಕೂಗಿತು. ಲೋಪಿನಿ ಜಿಗಿದೆದ್ದ. ಎರಡೂ ಕೈ ಎತ್ತಿ ಅಡ್ಡಡ್ಡ ಆಡಿಸಿ ‘ಬಿಡಬೇಡ, ಬಿಡಬೇಡ’ ಎಂದು ಸನ್ನೆ ಮಾಡಿದ. ಏಣಿಯ ಬಳಿ ನಿಂತಿದ್ದ ಫೆಲೇತಿ ಅವನನ್ನೇ ನೋಡಿದ. ತಲೆಯಾಡಿಸಿದ. ಶ್ರದ್ಧೆಯಿಂದ ಬಗ್ಗಿ, ಹಗ್ಗ ಬಿಚ್ಚಿ, ನೀರಿಗೆ ಎಸೆದ.

“ಅಯ್ಯೋ ದೇವರೇ!” ಲೋಪಿನಿ ಓಡಿದ. ಅವನು ಕಟ್ಟೆಯ ತುದಿ ಮುಟ್ಟುವಷ್ಟರಲ್ಲಿ ಹಡಗಿಗೂ ಕಟ್ಟೆಗೂ ನಡುವೆ ಎರಡಾಳು ಅಗಲದ ನೀರು.

“ಕೈ ಬೀಸಿದ್ರಲ್ಲ ಸಾರ್,” ಎಂದ ಫೆಲೇತಿ.

“ಬೇಡ ಅಂತ ಬೀಸಿದೆ ಕಣೋ ಪುಣ್ಯಾತ್ಮ! ಹೋಗು, ರೇಡಿಯೋದಲ್ಲಿ ವಾಪಸ್ ಕರೆಸು. ಓಡು!”

ಹಿಂದಿನಿಂದ ಅತ್ತೆಯ ಕೂಗು ಕಟ್ಟೆಯನ್ನೆಲ್ಲ ತುಂಬಿತು. ಫಹುವನ್ನೇ ಬಿಟ್ಟು ಹೋಗುವ ಹಡಗು ಯಾವ ಸೀಮೆಯದು, ಆ ಕ್ಯಾಪ್ಟನ್ನನ್ನು ಹೆತ್ತವರು ಯಾರು ಎಂದು ಅವರು ಕೇಳುತ್ತಿದ್ದರು.

ಮೇಲಿನ ಅಟ್ಟದ ಕಟಾಂಜನದ ಬಳಿ ಕಪ್ಪು ಅಂಗಿಯ ಬೋಳುತಲೆ ಕಂಡಿತು. ಅಪ್ಪ ಅವನತ್ತಲೇ ನೋಡುತ್ತಿದ್ದರು. ಅಡಗಿಕೊಳ್ಳಲಿಲ್ಲ. ಕಿವಿಗೆ ಫೋನು ಹಿಡಿದಿದ್ದರು.

ಲೋಪಿನಿಯ ಜೇಬಿನ ಫೋನು ಹೊಡೆದುಕೊಂಡಿತು.

“ಅಪ್ಪಾ! ಏನು ಮಾಡಿಬಿಟ್ರಿ ನೀವು?”

“ಬಿಚ್ಚಿಬಿಟ್ರಾ?” ಇಂಜಿನ್ನಿನ ಸದ್ದಿನಲ್ಲಿ ಅಪ್ಪನ ದನಿ ತುಂಡು ತುಂಡಾಗಿ ಬಂತು. “ಅಕ್ಕ ಬಿಡಲ್ಲ ಅಂತ ನಂಬಿದ್ದೆ. ಬೈಯೋದಿದ್ರೆ ಆಮೇಲೆ ಬೈಯಿ. ಮೊದ್ಲು ಕೇಳು. ನಾನು ಅದನ್ನ ಮಾರೋಕೆ ಒಯ್ತಿರ್ಲಿಲ್ಲ. ರಾಜಧಾನೀಲಿ ನ್ಯಾಯಾಧೀಶರ ಮುಂದೆ ಇಡೋಕೆ ಒಯ್ತಿದ್ದೆ. ನಿನ್ನ ಹೆಸರು ಅದರ ಮೇಲಿದೆ ಮಗಾ. ನಿನಗೆ ಹೇಳಿದ್ರೆ ನೀನು ಠಾಣೇಲೇ ಇಡ್ತಿದ್ದೆ. ಠಾಣೇಲಿ ಉಳೀತಿರ್ಲಿಲ್ಲ.”

“ನಿಮಗೆಲ್ಲಿ ಸಿಕ್ತು ಅದು?”

“ಅತಿಥಿಗೃಹದ ಮಳೆನೀರಿನ ತೊಟ್ಟಿ ರಿಪೇರಿಗೆ ಕರೆದಿದ್ರು. ತೊಟ್ಟಿ ಹಿಂದೆ ಇತ್ತು. ಆ ಆಸ್ಟ್ರೇಲಿಯಾದವಳ ಕೋಣೆಗೆ ಅಂಟಿಕೊಂಡೇ. ಸುಡೋ ಹಿಂದಿನ ದಿನ ಫೋಟೋ ತೆಗೀಬೇಕು ಅಂತ ಮಾಲಿನ ಕೋಣೆ ಬೀಗ ತೆಗೆಸಿಕೊಂಡವಳು ಅವಳೇ ಅಲ್ವೇನೋ? ಲೋಪಿನಿ, ಏನಾದ್ರೂ ಆಗ್ಲಿ, ಆ ಕಟ್ಟು ಅವಳ ಕೈಗೆ ಮಾತ್ರ ಕೊಡ್ಬೇಡ. ಕೇಳಿಸ್ತಾ? ಅವಳ ಕೈಗೆ—”

ಹಡಗು ಹವಳದ ದಿಬ್ಬದ ನಡುವಿನ ದಾರಿ ದಾಟಿ ತಿರುಗಿತು. ಮಾತು ಕಡಿಯಿತು.

ಲೋಪಿನಿ ಫೋನನ್ನು ಕಿವಿಯಿಂದ ಇಳಿಸದೆಯೇ ತಿರುಗಿದ. ಗೋಣಿ ಆಗಲೇ ಜೀಪಿನಲ್ಲಿತ್ತು. ಬ್ರಿಜೆಟ್ ಜೀಪಿನ ಬಳಿ ಇರಲಿಲ್ಲ. ಅವನಿಂದ ಎರಡೇ ಹೆಜ್ಜೆ ದೂರದಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

ಗ್ಲೌಸು ತೊಟ್ಟ ಕೈಯನ್ನು ಅವನ ಮುಂದೆ ಚಾಚಿದಳು.

“ಫೋನು ಕೊಡಿ ಸಾರ್ಜೆಂಟ್,” ಎಂದಳು. “ಈ ಕೇಸಲ್ಲಿ ನೀವು ಇಲ್ಲ ಅಂತ ನೀವೇ ಹೇಳಿದ್ರಿ.”